ಎಲೆ ಜಗಿದು ಇಳಿಸಿದ ತೂಕ

ನೀವು ಇದನ್ನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಪ್ಪ ತೋಟದಿಂದ ತಂದಿಟ್ಟ ಎಲೆಬುಟ್ಟಿ ಬಾಗಿಲಲ್ಲಿದೆ. ನಮ್ಮ ಸವಣೂರಿನ ಹಸಿ ವೀಳ್ಯದೆಲೆಯ ಘಾಟು ಮೂಗಿಗೆ ಬಡಿದಾಗಲೆಲ್ಲ ಏಳುತ್ತೇನೆ, ಕೂರುತ್ತೇನೆ, ಮತ್ತೆ ಏಳುತ್ತೇನೆ. ನಾಳೆ ಹಿರೇಕೆರೂರಿನಲ್ಲಿ ಕುಸ್ತಿ. ನನ್ನ ತೂಕ ಕೊಂಚ ಹೆಚ್ಚಿದೆ. ಇಳಿಯದಿದ್ದರೆ ಮೇಲಿನ ತೂಕದ ಗುಂಪಿನಲ್ಲಿ ಆಡಬೇಕು. ಅಲ್ಲಿ ಮಲ್ಲೇಶಿ ಇದ್ದಾನೆ. ಅವನಿಗೆ ಕುತ್ತಿಗೆಯೇ ಇಲ್ಲ, ತಲೆಯನ್ನು ನೇರ ಭುಜಕ್ಕೇ ಬೆಸುಗೆ ಹಾಕಿದ್ದಾರೆ.

ಹೋದ ವರ್ಷ ಹಾನಗಲ್ಲಿನ ಕುಸ್ತಿಗೂ ಇದೇ ಫಜೀತಿ. ಮೈಯಿಂದ ನೀರು ಹೋದರೆ ತೂಕ ಹೋಗುತ್ತದೆಂದು ಗರಡಿಯ ಹುಡುಗರೆಲ್ಲ ರೇನ್‌ಕೋಟ್ ಹಾಕಿಕೊಂಡು ಬಿಸಿಲಲ್ಲಿ ಓಡುತ್ತಾರೆ. ನಾನು ಬುದ್ಧಿವಂತ, ಓಡುವುದೇಕೆ? ಎಲೆ ಜಗಿದರೆ ಬಾಯಲ್ಲಿ ನೀರೂರುತ್ತದೆ, ಉಗುಳಿದರೆ ತೂಕ ಇಳಿಯುತ್ತದೆ! ಹನಿ ನೀರು ಕುಡಿಯದೆ, ಎಲೆ, ಅಡಿಕೆ, ಸುಣ್ಣ ಜಗಿಯುತ್ತ, ಬಸ್ಸಿನ ಕಿಟಕಿಯಿಂದ ಉಗುಳುತ್ತ ಹೊರಟೆ. ಶಿಗ್ಗಾವಿ ದಾಟುವಾಗ ಹಿಂದಿನ ಸೀಟಿನ ಕಾಕಾ ಕೊಡೆಯನ್ನೇ ಬಿಚ್ಚಿದ.

"ತಮ್ಮಾ, ಈ ಮಳಿ ಹಾನಗಲ್ ಮಟಾ ಐತೇನು?"

ತೂಕದ ಯಂತ್ರ ನನ್ನನ್ನು ಪಾಸು ಮಾಡಿತು. ನಾನು ಮೀಸೆ ತಿರುವಿದೆ. ಮೀಸೆ ಇನ್ನೂ ಬಂದಿರಲಿಲ್ಲ, ಬರುವ ಜಾಗವನ್ನು ತಿರುವಿದೆ.

ಎದುರಾಳಿ ದುಂಡಸಿಯ ಹುಡುಗ, ಊದಿನಕಡ್ಡಿಯಂಥವನು. ನೋಡಿ ನಕ್ಕೆ, ಒಣಗಿದ ತುಟಿ ಸೀಳಿತು. ಸೀಟಿ ಊದಿದಾಗ ಅವನು ಒಬ್ಬನಿದ್ದದ್ದು ಇಬ್ಬರಾದ. ಇಬ್ಬರಲ್ಲಿ ಇಲ್ಲದವನ ಮೇಲೆ ಹಾರಿದೆ. ಮೀನಖಂಡ ಹಗ್ಗ ಹೊಸೆದಂತೆ ಹಿಡಿದುಕೊಂಡು, ಬಾಯಿ ತೆರೆದುಕೊಂಡೇ ಬಿದ್ದೆ; ಬಾಯಂಚಿನಿಂದ ಕೆಂಪಗೆ ಇಳಿಯಿತು.

"ಅಯ್ಯಯ್ಯ, ಹುಡುಗ ರಕ್ತ ಕಾರಾಕತ್ತಾನ್ರೀ!" ಎಂದು ಯಾರೋ ಕೂಗಿದರು.

ಡಾಕ್ಟರು ಓಡಿ ಬಂದು, ಬೆರಳು ಹಚ್ಚಿ ಮೂಸಿದರು. "ರಕ್ತ ಅಲ್ರಿ, ಎಲಿ-ಅಡಕಿ!"

ಕುಸ್ತಿ ಕಲಿಸಿದ ವಸ್ತಾದರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ದುಂಡಸಿಯವನಂತೂ "ನಾ ಮುಟ್ಟೇ ಇಲ್ರೀ ಸರ, ದೇವರಾಣಿ!" ಎಂದು ಅಳುತ್ತಿದ್ದ. ಗೆದ್ದವನು ಅತ್ತದ್ದನ್ನು ನಾನು ಕಂಡದ್ದು ಅವತ್ತೇ. ಮನೆಯಲ್ಲಿ ಮಾತ್ರ, ಮ್ಯಾಟ್ ಜಾರುತ್ತಿತ್ತು, ಕಾಲು ಜಾರಿತು ಎಂದು ಹೇಳಿದೆ.

ಆದರೂ ನೋಡಿ, ನಿಮ್ಮೊಂದಿಗೆ ಮಾತಾಡುತ್ತಲೇ ಕೈ ಬುಟ್ಟಿಗೆ ಹೋಗಿದೆ. ಬಾಯಲ್ಲಿ ಆಗಲೇ ಎರಡು ಎಲೆ. ಬೆಳಗಿನಿಂದ ನೀರು ಮುಟ್ಟಿಲ್ಲ; ನಾಲಿಗೆ ಹಳೇ ಚಪ್ಪಲಿಯಂತಾಗಿದೆ, ಬಾಗಿಲು ಒಂದಿದ್ದದ್ದು ಎರಡು ಕಾಣುತ್ತಿದೆ. ಎರಡರಿಂದಲೂ ಅವ್ವ ಒಳಗೆ ಬಂದಳು, ಕೈಯಲ್ಲಿ ತಂಬಿಗೆ.

"ಬಾಯಿ ತಗಿ."

ತೆಗೆದೆ.

"ಹಾನಗಲ್ಲಾಗ ರಕ್ತ ಕಾರಿದ್ದು ಸಾಲಲಿಲ್ಲೇನೋ ಪೈಲ್ವಾನಾ?"

ಅಂದರೆ ಅವ್ವನಿಗೆ ಎಲ್ಲ ಗೊತ್ತಿತ್ತು!

"ಮಲ್ಲೇಶಿ ನನ್ನ ಚಾಪಿಗತೆ ಸುತ್ತಿ ಇಡ್ತಾನಬೇ."

"ಸುತ್ತಲಿ ಬಿಡು. ಮನಷ್ಯಾ ಕೆಡವಿದಾ ಅಂತಾದ್ರೂ ಹೇಳಬೌದು. ಎಲಿ ಕೆಡವಿತು ಅಂದ್ರ ನಿಮ್ಮಪ್ಪ ಸಂತ್ಯಾಗ ಕುಂತು ಅದನ್ನ ಹ್ಯಾಂಗ ಮಾರಬೇಕು? ಉಗುಳು. ಕುಡಿ."

ಉಗುಳಿದೆ. ತಂಬಿಗೆ ಎತ್ತಿದೆ. ತಣ್ಣನೆಯ ನೀರು ಗಟಗಟ ಒಳಗಿಳಿಯುತ್ತಿತ್ತು. ನಾನು ಒಂದೊಂದು ಗುಟುಕಿಗೂ ಮಲ್ಲೇಶಿಯ ತೂಕಕ್ಕೆ ಏರುತ್ತಿದ್ದೆ.