ಅಕ್ಕೋರು ಕಳಿಸಿದ ಚೀಟಿ

ಬೆಳಿಗ್ಗೆ ಬಸ್ಸಿಳಿದು ಶಾಲೆಯ ಹತ್ತಿರ ಬಂದರೆ ಗೇಟಿನ ಮುಂದೆ ಜನವೋ ಜನ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮಗುವಿನ ರಟ್ಟೆ. ಮಕ್ಕಳ ಕೆನ್ನೆಗಳು ಒದ್ದೆ, ಕೆಲವರ ಕಿವಿ ಕೆಂಪು. ಎಲ್ಲರಿಗಿಂತ ಮುಂದೆ ನಿಂತಿದ್ದ ಫಕ್ಕೀರಪ್ಪ ಎಂಬ ರೈತರು ಕೈಯಲ್ಲಿದ್ದ ಬೇವಿನ ಕೋಲನ್ನು ನನ್ನ ಕಡೆ ಚಾಚಿದರು.

“ಹಿಡೀರಿ ಅಕ್ಕೋರ. ನಾ ಮನ್ಯಾಗ ಎರಡು ಕೊಟ್ಟೇನಿ, ಉಳಿದದ್ದು ನೀವ ಕೊಡ್ರಿ. ಇವ ಏನ್ ಮಾಡ್ಯಾನ ಅನ್ನೂದು ಮಾತ್ರ ಹೇಳ್ರಿ.”

ಅವರ ಮಗ ಏನೂ ಮಾಡಿರಲಿಲ್ಲ. ಮಾಡಿದ್ದವಳು ನಾನು. ಹಿಂದಿನ ದಿನ ನನ್ನ ನಾಲ್ಕನೆಯ ತರಗತಿಯ ಪ್ರತಿಯೊಂದು ಮನೆಗೂ ಒಂದು ಚೀಟಿ ಕಳಿಸಿದ್ದೆ. ‘ನಾಳೆ ಬೆಳಿಗ್ಗೆ ಶಾಲೆಗೆ ಬಂದು ಭೇಟಿಯಾಗಬೇಕು’ ಎಂದು ಅದರಲ್ಲಿ ಬರೆದಿದ್ದೆ, ಅಷ್ಟೇ. ಕೋಲಾರದಲ್ಲಿ ನಾನು ಪಾಠ ಹೇಳಲು ಕಲಿತ ಶಾಲೆಯಲ್ಲಿ ಇಂಥ ಚೀಟಿ ಹೋದರೆ ಅಪ್ಪಂದಿರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಈ ಊರಿನಲ್ಲಿ ಶಾಲೆಯಿಂದ ಮನೆಗೆ ಚೀಟಿ ಹೋಗುವುದು ಮಗು ಯಾರದೋ ತಲೆ ಒಡೆದಾಗ ಮಾತ್ರ ಎಂದು ನನಗೆ ಯಾರು ಹೇಳಬೇಕಿತ್ತು? ಒಂದೇ ಸಂಜೆಯಲ್ಲಿ ನಾನು ಇಡೀ ತರಗತಿಗೆ ಪೆಟ್ಟು ಕೊಡಿಸಿದ್ದೆ.

“ಯಾರೂ ಏನೂ ತಪ್ಪು ಮಾಡಿಲ್ಲ. ಸುಮ್ಮನೆ ಮಾತಾಡೋಣ ಅಂತ ಕರೆದೆ,” ಎಂದೆ. ಯಾರೂ ನಂಬಲಿಲ್ಲ. ಆಗ ಹಿಂದಿನಿಂದ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಬಂದರು. ಅವರ ಮಗಳು ರೇಷ್ಮಾಳ ಕೆನ್ನೆ ಮಾತ್ರ ಒಣಗಿತ್ತು. ತಾಯಿ ಮಾಬೂಬಿ ಹೊಡೆದು ಬಂದಿರಲಿಲ್ಲ, ಜಗಳಕ್ಕೆ ಬಂದಿದ್ದರು.

“ನನ್ನ ಮಗಳು ಸಾಲಿ ಮಾರಿ ನೋಡಿ ತಿಂಗಳಾತು. ಸಾಲಿಗೇ ಬರದಾಕಿ ಸಾಲ್ಯಾಗ ತಪ್ಪು ಹೆಂಗ ಮಾಡ್ತಾಳ್ರೀ, ಅಕ್ಕೋರ?”

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಇಪ್ಪತ್ಮೂರು ವರ್ಷ. ಕೋಲಾರದಿಂದ ರಾಣೆಬೆನ್ನೂರಿಗೆ ಬಂದು ಮೂರು ತಿಂಗಳಾಗಿತ್ತು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ದಿನಾ ಬಸ್ಸಿನಲ್ಲಿ ಈ ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋಗಿ ಬರುತ್ತಿದ್ದೆ. ನಮ್ಮ ಕಡೆ ‘ಮೇಡಂ’ ಎನ್ನುವುದನ್ನು ಇಲ್ಲಿ ‘ಅಕ್ಕೋರು’ ಎನ್ನುತ್ತಾರೆ. ಹಲ್ಲಿಲ್ಲದ ಅಜ್ಜಂದಿರಿಗೂ ನಾನು ಅಕ್ಕೋರೇ. ಶಾಲೆ ಇಲ್ಲಿ ‘ಸಾಲಿ’, ತರಗತಿ ‘ಇಯತ್ತೆ’, ಬೇಗ ಎನ್ನುವುದು ‘ಲಗೂ’, ನಿಜ ಎನ್ನುವುದು ‘ಖರೇ’. ಅದೇ ಕನ್ನಡ ಎಂದುಕೊಂಡು ಬಂದಿದ್ದ ನಾನು ಮೊದಲ ವಾರ ಮಕ್ಕಳ ಮುಂದೆ ಬಾಯಿಬಿಟ್ಟುಕೊಂಡು ನಿಂತಿದ್ದೆ.

ಊಟದ ಕಥೆಯೂ ಅಷ್ಟೇ. ಕೋಣೆ ಕೊಟ್ಟ ಅಜ್ಜಿ ಮೊದಲ ದಿನ ಬಡಿಸಿದ ಬದನೆಕಾಯಿ ಪಲ್ಯದ ಕೆಂಪು ನೋಡಿ ನಾನು ತಟ್ಟೆ ಹಿಂದೆ ಸರಿಸಿದೆ. “ಹೆದರಬ್ಯಾಡವಾ, ಬ್ಯಾಡಗಿ ಕಾಯಿ ಅದು. ಬಣ್ಣ ಅಷ್ಟ, ಖಾರ ಇಲ್ಲ,” ಎಂದರು. ನಿಜವಾಗಿಯೂ ಇರಲಿಲ್ಲ. ಮರುದಿನ ನಾನು ಮುದ್ದೆ ತೊಳಸಿ ಅವರಿಗೂ ಕೊಟ್ಟೆ. “ಅಗೀಲಾರದ ನುಂಗ್ತೀರಾ ಇದನ್ನ?” ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು. ಭಾನುವಾರ ಮಧ್ಯಾಹ್ನ ಮಾತಾಡುವವರಿಲ್ಲದೆ ಸ್ಟೇಷನ್ನಿಗೆ ಹೋಗಿ, ಬೆಂಗಳೂರಿನ ಕಡೆಗೆ ಹೋಗುವ ರೈಲು ನೋಡಿಕೊಂಡು ಬರುತ್ತಿದ್ದೆ. ಆಗಸ್ಟಿನಲ್ಲೇ ಕೋಲಾರಕ್ಕೆ ವರ್ಗಾವಣೆ ಕೇಳಿ ಅರ್ಜಿ ಹಾಕಿದೆ. “ಹಾಕ್ರಿ ಹಾಕ್ರಿ, ಬಂದವರೆಲ್ಲಾ ಹಾಕ್ತಾರ,” ಎಂದು ಹೆಡ್‌ಮಾಸ್ತರರು ಓದದೆಯೇ ಸಹಿ ಮಾಡಿದರು.

ಅದೇ ತಿಂಗಳು ನನ್ನ ತರಗತಿ ಖಾಲಿಯಾಗತೊಡಗಿತು. ಹುಡುಗರು ಅಲ್ಲೊಬ್ಬ ಇಲ್ಲೊಬ್ಬ ಉಳಿದರು. ಹುಡುಗಿಯರು ಹನ್ನೊಂದು ಜನ, ಒಬ್ಬಳೂ ಇಲ್ಲ. ಎಲ್ಲರೂ ಹತ್ತಿ ಹೊಲದ ‘ಕ್ರಾಸಿಂಗ್’ಗೆ ಹೋಗಿದ್ದರು. ಈ ಭಾಗದಲ್ಲಿ ಹತ್ತಿ ಬೀಜ ತಯಾರಿಸುತ್ತಾರೆ. ಅದಕ್ಕೆ ಒಂದು ಜಾತಿಯ ಹೂವಿನ ಪುಡಿಯನ್ನು ಇನ್ನೊಂದು ಜಾತಿಯ ಹೂವಿಗೆ ಕೈಯಿಂದಲೇ, ಒಂದೊಂದಾಗಿ, ಮುಟ್ಟಿಸಬೇಕು.

“ಶ್ರಾವಣದಾಗ ಹೋದ್ವು, ದೀಪಾವಳಿಗೆ ಬರ್ತಾವ. ನೀವ್ಯಾಕ ತಲಿ ಕೆಡಿಸ್ಕೋತೀರಿ?” ಎಂದರು ಹೆಡ್‌ಮಾಸ್ತರರು. ಬರುವುದೇನೋ ಬರುತ್ತಿದ್ದರು. ಆದರೆ ಅಷ್ಟರಲ್ಲಿ ಕಲಿತದ್ದನ್ನೆಲ್ಲ ಮರೆತಿರುತ್ತಿದ್ದರು. ಮಾರ್ಚಿನಲ್ಲಿ ನಪಾಸು. ನಪಾಸಾದ ಹುಡುಗಿಯನ್ನು ಮರುವರ್ಷ ಯಾರೂ ಶಾಲೆಗೆ ಕಳಿಸುತ್ತಿರಲಿಲ್ಲ. ಹಿಂದಿನ ವರ್ಷ ಐದನೆಯ ಇಯತ್ತೆಗೆ ಹೋದ ಹುಡುಗಿ ಒಬ್ಬಳೇ ಒಬ್ಬಳು. ರೇಷ್ಮಾ ಜೂನಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು. ಈ ಹನ್ನೊಂದು ಹುಡುಗಿಯರನ್ನು ನಾನು ಕಳೆದುಕೊಳ್ಳುವುದಿಲ್ಲ ಎಂದು ಹಟ ಬಂತು. ಆ ಹಟದಿಂದಲೇ ಚೀಟಿ ಬರೆದಿದ್ದೆ, ಅದರ ಫಲ ಗೇಟಿನ ಮುಂದೆ ನಿಂತಿತ್ತು.

ಮಾಬೂಬಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. “ನೀವು ಹೊಲಾ ನೋಡಿಲ್ಲ, ನಾವು ಸಾಲಿ ನೋಡಿಲ್ಲ. ಮೊದಲ ನೀವು ಬರ್ರಿ,” ಎಂದರು.

ಭಾನುವಾರ ರೈಲು ನೋಡುವುದನ್ನು ಬಿಟ್ಟು ಹೊಲಕ್ಕೆ ಹೋದೆ. ಮಳೆ ಹಿಂದೆ ಸರಿದು ಬಿಸಿಲು ಹದವಾಗಿತ್ತು. ಹಿಂದಿನ ಸಂಜೆ ಎಸಳನ್ನೂ ಪುಡಿಯ ಎಳೆಗಳನ್ನೂ ಸುಲಿದಿಟ್ಟ ಮೊಗ್ಗುಗಳ ಮೇಲೆ ಕೆಂಪು ಕಾಗದದ ಪುಟ್ಟ ಚೀಲಗಳು. ಹೆಂಗಸರೂ ಹುಡುಗಿಯರೂ ಚೀಲ ತೆಗೆದು, ಅದಕ್ಕೆ ಗಂಡು ಹೂವನ್ನು ಸವರಿ, ದಾರ ಕಟ್ಟಿ ಮುಂದೆ ಹೋಗುತ್ತಿದ್ದರು. ನಾನೂ ಒಂದು ಹೂವು ಹಿಡಿದು ಉಜ್ಜಿದೆ. ಅದರ ನಡುವಿನ ಕಡ್ಡಿಯೇ ಮುರಿಯಿತು.

“ಮೆಲ್ಲಕ, ಅಕ್ಕೋರ! ಮುರದ ಒಗದ್ರಲ್ಲ!” ಎಂದು ಮಾಬೂಬಿ ನಕ್ಕರು. ರೇಷ್ಮಾ ನನ್ನ ಕೈ ಹಿಡಿದು ಹೇಗೆ ಸವರಬೇಕೆಂದು ತೋರಿಸಿದಳು. ಶಾಲೆಯಲ್ಲಿ ನಾನು ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದ್ದೆ.

ಹನ್ನೊಂದೂವರೆಗೆ ಎಲ್ಲರೂ ಕೆಲಸ ನಿಲ್ಲಿಸಿ ಬೇವಿನ ಮರದ ಕೆಳಗೆ ಬಂದು ರೊಟ್ಟಿ ಬಿಚ್ಚಿದರು. ಬಿಸಿಲೇರಿದ ಮೇಲೆ ಹೂವಿನ ಪುಡಿ ಕೆಲಸಕ್ಕೆ ಬರುವುದಿಲ್ಲವಂತೆ. ಮತ್ತೆ ಮೂರಕ್ಕೆ ಬಂದು ನಾಳಿನ ಮೊಗ್ಗು ಸುಲಿಯಬೇಕು.

“ನಡುವೆ ಏನು ಮಾಡುತ್ತೀರಿ?” ಎಂದು ಕೇಳಿದೆ.

“ಏನ್ ಮಾಡೂದು, ಮಲ್ಕೋತೇವಿ.”

“ಆ ಹೊತ್ತು ನನಗೆ ಕೊಡಿ.”

ಮಾಬೂಬಿ ರೊಟ್ಟಿ ಮುರಿದು ನನ್ನ ಕೈಗೊಂದು ಚೂರು ಇಟ್ಟರು. “ಕೊಡ್ತೇವಿ. ಆದ್ರ ಹುಡುಗ್ಯಾರ ಜೋಡಿ ನಾವೂ ಬರ್ತೇವಿ. ಅವರನ್ನ ಕುಂದ್ರಿಸಿಕೊಂಡು ನೀವು ಏನ್ ಮಾಡ್ತೀರಿ, ನೋಡೂನು.”

ಹೆಡ್‌ಮಾಸ್ತರರು ತಲೆ ತುರಿಸಿಕೊಂಡರು. ಬೆಳಗಿನ ಹಾಜರಿ ಇಲ್ಲ, ಮಧ್ಯಾಹ್ನದ್ದು ಮಾತ್ರ ಹಾಕುತ್ತೇನೆ ಎಂದರು. “ಮ್ಯಾಲಿನ ಸಾಹೇಬ್ರು ಕೇಳಿದ್ರ ನಿಮ್ಮ ಹೆಸರ ಹೇಳಾಂವ ನಾ,” ಎಂದೂ ಸೇರಿಸಿದರು. ಆಗಲಿ ಎಂದೆ.

ಮರುದಿನ ಹುಡುಗಿಯರು ಬಂದರು, ತಾಯಂದಿರೂ ಬಂದರು. ಆದರೆ ತಾಯಂದಿರು ಬಾಗಿಲ ಹೊರಗೇ ಕುಳಿತರು. ಎಷ್ಟು ಕರೆದರೂ “ಕಾಲು ಮಣ್ಣಾಗ್ಯಾವ್ರಿ” ಎನ್ನುವ ಒಂದೇ ಮಾತು. ಕೊನೆಗೆ ನಾನು ರೇಗಿದೆ. ಮಣ್ಣು ನಮ್ಮ ಶಾಲೆಗೇನು ಹೊಸದೇ, ಮೊನ್ನೆಯ ಮಳೆಗೆ ಗೋಡೆಯೇ ಅರ್ಧ ಒಳಗೆ ಬಂದಿದೆ ಎಂದೆ. ನಗುತ್ತ ಎದ್ದು ಬಂದು ಹಿಂದಿನ ಗೋಡೆಗೆ ಒರಗಿ ಕುಳಿತರು.

ಆ ವಾರದ ಪಾಠ ಹೂವಿನ ಭಾಗಗಳು. ನಾನು ಪುಸ್ತಕ ನೋಡಿಕೊಂಡು ಬೋರ್ಡಿನ ಮೇಲೆ ದಾಸವಾಳ ಬರೆದು, ಕೇಸರ, ಶಲಾಕೆ, ಪರಾಗ ಎಂದು ಬಾಣದ ಗುರುತು ಹಾಕಿದೆ. ಹಿಂದೆ ಗುಸುಗುಸು ಶುರುವಾಯಿತು. ಮಾಬೂಬಿಗೆ ಕೂರಲಾಗಲಿಲ್ಲ. ಎದ್ದು ಬಂದು ಸೆರಗಿನ ಗಂಟಿನಿಂದ ಒಂದು ಹತ್ತಿ ಹೂವು ತೆಗೆದರು.

“ಹಂಗ ಬರದ್ರ ಹೆಂಗ ತಿಳೀತದ್ರಿ? ಇಲ್ನೋಡ್ರಿ, ಈ ಪುಡಿ ಐತಲ್ಲ, ಇದು ಅಪ್ಪ. ಈ ನಡುವಿನ ಕಡ್ಡಿ ಅವ್ವ. ಅಪ್ಪನ್ನ ಅವ್ವಗ ಮುಟ್ಟಿಸಿದ್ರ ಕಾಯಿ.”

ಹನ್ನೊಂದು ತಲೆಗಳು ಆ ಹೂವಿನ ಮೇಲೆ ಬಾಗಿದವು. ಆಮೇಲೆ ರೇಷ್ಮಾ ಬೋರ್ಡಿನ ಮೇಲಿದ್ದುದನ್ನು ತಾಯಿಗೆ ಓದಿ ಹೇಳಿದಳು. ಪುಡಿ ಅಂದರೆ ಪರಾಗ, ಕಡ್ಡಿ ಅಂದರೆ ಶಲಾಕೆ. ಮಾಬೂಬಿ ಎರಡು ಸಲ ಮೆಲ್ಲಗೆ ಹೇಳಿಕೊಂಡರು. “ಹತ್ತು ವರ್ಷ ಮುಟ್ಟೇನಿ ಇದನ್ನ. ಇದಕ್ಕೊಂದು ಹೆಸರು ಐತಿ ಅಂತ ಗೊತ್ತ ಇದ್ದಿಲ್ಲ ನೋಡ್ರಿ.” ಮರದ ಕೆಳಗೆ ಮಲಗಬಹುದಾಗಿದ್ದ ಹೊತ್ತನ್ನು ಈ ಹೆಂಗಸರು ನನಗೆ ಕೊಟ್ಟಿದ್ದರು.

ಅಲ್ಲಿಂದ ಶಾಲೆಯ ರೀತಿಯೇ ಬೇರೆಯಾಯಿತು. ಸಾಲಿಗೆ ಇಷ್ಟು ಗಿಡ, ಹೊಲಕ್ಕೆ ಇಷ್ಟು ಸಾಲು ಎಂದು ತಾಯಂದಿರು ಲೆಕ್ಕ ಕೇಳುವರು, ಮಕ್ಕಳು ಸ್ಲೇಟಿನಲ್ಲಿ ಗುಣಿಸುವರು. ತಾಯಂದಿರಿಗೂ ಸ್ಲೇಟು ಕೊಟ್ಟೆ. ದಸರೆಯ ರಜೆಯಲ್ಲೂ ಅವರು ಬಿಡಲಿಲ್ಲ, ನಾನು ಕೋಲಾರಕ್ಕೆ ನಾಲ್ಕೇ ದಿನ ಹೋಗಿ ಬಂದೆ. ಹುಡುಗಿಯರು ಮೂರು ಗಂಟೆಗೆ ಏಳುವುದನ್ನೇ ಮರೆತರು. ತಾಯಂದಿರು ಮಾತ್ರ ಎದ್ದು ಹೊಲಕ್ಕೆ ಹೋಗುತ್ತಿದ್ದರು, ಹುಡುಗಿಯರು ಐದರ ಗಂಟೆಯವರೆಗೆ ಕೂರುತ್ತಿದ್ದರು.

ಒಂದು ದಿನ ಎರಡು ಗಂಟೆಗೆ ಹೊಲದ ಒಡೆಯರಾದ ಗೌಡರು ತರಗತಿಯ ಬಾಗಿಲಿಗೇ ಬಂದರು.

“ಅಕ್ಕೋರ, ಸಾಲಿ ನಿಮ್ಮದು, ಹೊಲಾ ನಂದು. ಮೂರು ಬಡೀತಂದ್ರ ಎಲ್ಲಾ ಕೈ ನನ್ನ ಹೊಲದಾಗ ಇರಬೇಕು. ಹುಡುಗ್ಯಾರ ಕೈನೂ.”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಾಬೂಬಿ ಎದ್ದರು.

“ನಾವು ಬರ್ತೇವಿ ಗೌಡ್ರ, ಹುಡುಗ್ಯಾರು ಬರಂಗಿಲ್ಲ. ಇವರ ಸಾಲೂ ನಾವ ಹಿಡೀತೇವಿ.”

“ನಾ ಒಲ್ಲೆ ಅಂದ್ರ?”

“ಹೂವು ನಾಳೆ ಮುಂಜಾನೆ ಅರಳತಾವ್ರಿ. ನೀವ ಹೋಗಿ ಮುಟ್ಟಿಸ್ರಿ.”

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಒಂದು ಮುಂಜಾನೆ ತಪ್ಪಿದರೆ ಆ ದಿನದ ಹೂವೆಲ್ಲ ದಂಡ ಎಂಬುದು ಗೌಡರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ರೇಷ್ಮಾಳ ಕಡೆ ತಿರುಗಿ, “ಏನ್ ಓದಾಕತ್ತೀದಿ, ಓದು ನೋಡೂನು,” ಎಂದರು. ಅವಳು ಎದ್ದು ಹೂವಿನ ಪಾಠವನ್ನು ಎಲ್ಲೂ ತಡವರಿಸದೆ ಓದಿದಳು. “ಇದು ನಮ್ಮ ಹೊಲದ ಮಾತ ಐತಲ್ಲ,” ಎಂದರು ಗೌಡರು. “ಆತು, ಮಧ್ಯಾಹ್ನ ಹುಡುಗ್ಯಾರು ಬ್ಯಾಡ.” ಬೆಳಗಿನ ಕೆಲಸ ಆ ವರ್ಷ ತಪ್ಪಲಿಲ್ಲ. ಮರುವರ್ಷ ಅದನ್ನೂ ಇದೇ ಹೆಂಗಸರು ಬಿಡಿಸಿದರು.

ದೀಪಾವಳಿ ಮುಗಿದ ಮೇಲೆ ಧೈರ್ಯ ಮಾಡಿ ಮತ್ತೆ ಅದೇ ಚೀಟಿ ಕಳಿಸಿದೆ. ಬೆಳಿಗ್ಗೆ ಬಸ್ಸಿಳಿದು ಬಂದರೆ ಗೇಟಿನ ಮುಂದೆ ಅದೇ ಜನ. ಒಂದು ಕೆನ್ನೆಯೂ ಒದ್ದೆಯಿರಲಿಲ್ಲ. ಹೆಂಗಸರ ಕೈಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಮುಂದೆ ಮತ್ತೆ ಫಕ್ಕೀರಪ್ಪನವರು, ಕೈಯಲ್ಲಿ ಮತ್ತೆ ಬೇವಿನ ಕೋಲು! ನನ್ನ ಮುಖ ನೋಡಿ ಅವರು ಗಾಬರಿಯಾದರು.

“ಹೊಡ್ಯಾಕಲ್ರಿ ಅಕ್ಕೋರ. ಬೋರ್ಡಿನ ಮ್ಯಾಲ ತೋರಿಸಾಕ.”

ಸಿಪ್ಪೆ ಸುಲಿದು, ಕೈಗೆ ಚುಚ್ಚದಂತೆ ನಯವಾಗಿ ಉಜ್ಜಿ ತಂದಿದ್ದರು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ಹೆದರಿದ್ದೆನಲ್ಲ, ಈ ಜನರನ್ನು ನೋಡಿಯೂ ಹಾಗೆಯೇ ಹೆದರಿದ್ದೆ. ಆ ಕೋಲು ಈಗಲೂ ನನ್ನ ಮೇಜಿನ ಮೇಲಿದೆ.

ಮಾರ್ಚಿನಲ್ಲಿ ಹನ್ನೊಂದಕ್ಕೆ ಹನ್ನೊಂದೂ ಪಾಸು. ರಿಜಲ್ಟಿನ ಹಾಳೆ ಹಿಡಿದು ನಾನು ಓಣಿಯಲ್ಲಿ ಓಡಿದ್ದನ್ನು ಊರು ಇನ್ನೂ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ.

ಜೂನಿನಲ್ಲಿ ನನ್ನ ಹಳೆಯ ಅರ್ಜಿಗೆ ಉತ್ತರ ಬಂತು. ಕೋಲಾರಕ್ಕೆ ವರ್ಗಾವಣೆ. ಆ ಆದೇಶ ಬಂದ ಮೂರನೆಯ ದಿನ ಸಂಜೆ ರೇಷ್ಮಾ ನನ್ನ ಕೈಗೊಂದು ಚೀಟಿ ಕೊಟ್ಟಳು. ದಪ್ಪ ದಪ್ಪ ಅಕ್ಷರ. ‘ಅಕ್ಕೋರು ನಾಳೆ ಬೆಳಿಗ್ಗೆ ಶಾಲೆಗೆ ಬಂದು ಭೇಟಿಯಾಗಬೇಕು.’ ಕೆಳಗೆ ‘ಮಾಬೂಬಿ’ ಎಂಬ ಸಹಿ.

“ನಮ್ಮ ಅಮ್ಮಿ ತಾನ ಬರದಾಳ್ರಿ. ನಾ ಪೆನ್ಸಿಲ್ ಸೈತ ಮುಟ್ಟಿಲ್ಲ,” ಎಂದಳು.

ಬಸ್ಸಿನಲ್ಲಿ ಕೂತು ಪೇಟೆ ಬರುವವರೆಗೂ ಅದನ್ನೇ ಯೋಚಿಸಿದೆ, ನಾನೇನು ತಪ್ಪು ಮಾಡಿದೆ? ಬೆಳಿಗ್ಗೆ ಗೇಟಿನ ಮುಂದೆ ಹನ್ನೊಂದು ತಾಯಂದಿರೂ ನಿಂತಿದ್ದರು. ಕೇಳಿಯೇಬಿಟ್ಟೆ.

“ಏನೂ ತಪ್ಪು ಮಾಡಿಲ್ರಿ,” ಎಂದರು ಮಾಬೂಬಿ. “ಸುಮ್ನ ಮಾತಾಡೂನು ಅಂತ ಕರದೇವಿ.”

ಹೋಗಬೇಡಿ ಎಂದು ಯಾರೂ ಅನ್ನಲಿಲ್ಲ. ಶ್ರಾವಣ ಈ ಸಲ ಯಾವಾಗ ಬರುತ್ತದೆ, ಹೋದ ವರ್ಷದ ಸ್ಲೇಟುಗಳು ಎಲ್ಲಿವೆ, ಇದನ್ನೇ ಮಾತಾಡಿದರು. ಅಂದೇ ಮಧ್ಯಾಹ್ನ ವರ್ಗಾವಣೆ ಬೇಡವೆಂದು ಬರೆದುಕೊಟ್ಟೆ. ಹೆಡ್‌ಮಾಸ್ತರರು ಈ ಅರ್ಜಿಯನ್ನು ಮಾತ್ರ ಎರಡು ಸಲ ಓದಿದರು.

ಅದಾಗಿ ಕೆಲವು ವರ್ಷಗಳಾದವು. ಸಿಕ್ಕ ವರ್ಗಾವಣೆಯನ್ನು ಬಿಟ್ಟವಳಿಗೆ ತಲೆ ಸರಿಯಿದೆಯೇ ಎಂದು ಕೋಲಾರದಲ್ಲಿ ಕೇಳುವವರಿಗೆ ಇದೇ ನನ್ನ ಉತ್ತರ. ಇಲ್ಲಿ ನನ್ನ ಬಾಯಲ್ಲಿ ‘ಖರೇ’ ತಾನಾಗಿ ಬರುತ್ತದೆ. ಊರಿಗೆ ಹೋದಾಗ ತಮ್ಮನ ಮಕ್ಕಳು ಅದನ್ನು ಕೇಳಿ ನಗುತ್ತಾರೆ. ಮುದ್ದೆಯನ್ನು ಈಗ ಎರಡು ಸಲ ಅಗಿದು ನುಂಗುತ್ತೇನಂತೆ.

ಕಳೆದ ವಾರ ಅಮ್ಮನ ಕಾರ್ಡು ಬಂತು. ಯಾವಾಗಲೂ ಕಾರ್ಡು ತುಂಬ ಬರೆಯುವ ಅಮ್ಮ ಈ ಸಲ ಒಂದೇ ಸಾಲು ಬರೆದಿದ್ದಾಳೆ, ‘ಒಮ್ಮೆ ಬಂದು ಭೇಟಿಯಾಗು.’ ಓದಿದ ಕೂಡಲೇ ನನಗೆ ಬಂದದ್ದು ಅದೇ ಯೋಚನೆ, ನಾನೇನು ತಪ್ಪು ಮಾಡಿದೆ? ಅಮ್ಮನೂ ಸುಮ್ಮನೆ ಮಾತಾಡೋಣ ಅಂತಲೇ ಕರೆದಿರಬಹುದು. ಆದರೆ ಈ ಸಲ ತಪ್ಪು ಮಾಡಿದ್ದೇನೆ, ಅಮ್ಮನ ಮುಖ ನೋಡಿ ವರ್ಷವಾಯಿತು.