ಕೆಮ್ಮಿನ ಗೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಗೀರಕ್ಕ ಉದ್ದನೆಯ ಅಲ್ಯೂಮಿನಿಯಂ ತಗಡಿನ ಮೇಲೆ ಬಾಗಿದ್ದಾರೆ. ಕೈಯಲ್ಲಿ ಗ್ರೈಂಡರ್, ಮೂಗು-ಬಾಯಿಗೆ ಮಾಸ್ಕ್. ತಿರುಗುವ ಬಿಲ್ಲೆ ತಾಗಿದಲ್ಲೆಲ್ಲ ಸಣ್ಣ ಗೀರುಗಳು ಅಲೆಯಲೆಯಾಗಿ ಏಳುತ್ತವೆ. ಬಲಗಡೆಯ ಕೆಳಮೂಲೆ ಹತ್ತಿರವಾಗುತ್ತಿದ್ದಂತೆ ಪಕ್ಕದ ಮೇಜಿನವರು ಮಾತು ನಿಲ್ಲಿಸುತ್ತಾರೆ. ಗೀರಕ್ಕ ಉಸಿರೆಳೆದುಕೊಂಡು ಜೋರಾಗಿ ಕೆಮ್ಮುತ್ತಾರೆ. ಕೈ ಜಾರುತ್ತದೆ, ಅಲೆಯೊಂದು ಅಡ್ಡಾದಿಡ್ಡಿ ಹರಿಯುತ್ತದೆ. ಅವರು ಏನೂ ಆಗದವರಂತೆ ಮುಂದಿನ ಅಲೆಗೆ ಹೋಗುತ್ತಾರೆ.

ಗಾಬರಿಯಾಗಿ ನೀರು ತರಲು ಎದ್ದ ನನ್ನನ್ನು ನೋಡಿ ನಗುತ್ತಾರೆ. “ಕೂತ್ಕೊಳ್ಳಿ, ನಂಗೇನೂ ಆಗಿಲ್ಲ. ಅದು ನಮ್ಮನೆಯವರ ಕೆಮ್ಮು.”

ದೊಡ್ಡ ಮನೆಗಳ ಹಾಲ್‌ಗಳಲ್ಲಿ, ಆಫೀಸುಗಳ ಲಿಫ್ಟ್ ಪಕ್ಕದ ಗೋಡೆಗಳಲ್ಲಿ ಈಗ ಇಂಥ ತಗಡಿನ ಚಿತ್ರಗಳದ್ದೇ ಕಾರುಬಾರು. ಮರವಿಲ್ಲ, ಮನುಷ್ಯರಿಲ್ಲ, ಬರೀ ಅಲೆ, ಸುಳಿ, ಬಣ್ಣ. ಗೀರಿದ ತಗಡು ಮುಂದಿನ ಕೋಣೆಗೆ ಹೋದರೆ ಅಲ್ಲಿನ ಪ್ರಿಂಟರ್ ಅದರ ಮೇಲೆ ತೆಳುವಾಗಿ ನೀಲಿ, ತಾಮ್ರದ ಬಣ್ಣಗಳನ್ನು ಅಚ್ಚು ಹಾಕುತ್ತದೆ. ಒಂದೇ ಕಡೆ ನಿಂತು ನೋಡಿದರೆ ಅಂಥ ವಿಶೇಷವೇನೂ ಇಲ್ಲ. ಎರಡು ಹೆಜ್ಜೆ ನಡೆದಿರೋ, ಗೀರುಗಳ ಮೇಲೆ ಬಿದ್ದ ಬೆಳಕೂ ನಿಮ್ಮ ಜೊತೆ ಹೊರಡುತ್ತದೆ, ಇಡೀ ಚಿತ್ರ ಹರಿಯತೊಡಗುತ್ತದೆ. ಕೊಳ್ಳುವವರು ಚಿತ್ರದ ಹೆಸರು ಕೇಳುತ್ತಾರೆ. ಗೀರಿದವರ ಹೆಸರು ಕೇಳಿದವರನ್ನು ನಾನು ಕಾಣೆ. ಇಲ್ಲಿಯವರಿಗಂತೂ ಇವರು ಗೀರಕ್ಕ, ಅಷ್ಟೇ.

ಈ ಅಲೆಗಳು ಮೊದಲು ಮೂಡಿದ್ದು ಅವರ ಗಂಡನ ಕೈಯಲ್ಲಿ. ಇದೇ ಮೇಜು, ಇದೇ ಗ್ರೈಂಡರ್. ಗೀರಕ್ಕ ಆಗ ತಗಡಿನ ಧೂಳು ಒರೆಸುವ ಕೆಲಸದಲ್ಲಿದ್ದರು. ಆತ ಮೂಗಿಗೆ ಕಟ್ಟಿಕೊಳ್ಳುತ್ತಿದ್ದುದು ಒಂದು ಹಳೇ ಟವೆಲ್. ಧೂಳು ಒಳಗೆ ಹೋಗಿ ಹೋಗಿ ಎದೆ ಹಾಳಾಯಿತು. ಆತ ತೀರಿಕೊಂಡ ಮೇಲೆ ಎಲ್ಲರಿಗೂ ಒಳ್ಳೆಯ ಮಾಸ್ಕ್ ಬಂದವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಎಂದರೆ ಇದೇ.

“ಆಸ್ಪತ್ರೆ ಸೇರೋಕೆ ಮುಂಚೆ ಒಂದು ತಗಡು ಗೀರುವಾಗ ಅವರಿಗೆ ಕೆಮ್ಮು ಬಂತು, ಕೈ ಜಾರಿತು. ‘ಛೆ, ಕೆಟ್ಟೋಯ್ತು, ಗುಜರಿಗೆ ಹಾಕು’ ಅಂದ್ರು. ನಂಗೆ ಮನಸ್ಸು ಬರಲಿಲ್ಲ. ಒರೆಸಿ ಗೋಡೆಗೆ ಒರಗಿಸಿಟ್ಟೆ.”

ಮಾಲೀಕರ ಕಣ್ಣಿಗೆ ಬಿದ್ದ ಅದು ಬಣ್ಣ ಹಚ್ಚಿಕೊಂಡು ಶೋರೂಮಿಗೆ ಹೋಯಿತು. ಬೇರೆಲ್ಲ ಕಡೆ ಸರಾಗವಾಗಿ ಹರಿಯುವ ಬೆಳಕು ಆ ಮೂಲೆಯಲ್ಲಿ ಎಡವಿ, ಸಾವರಿಸಿಕೊಂಡು ಮುಂದೆ ಹೋಗುತ್ತದೆ. ಬಂದವರೆಲ್ಲ ಅದರಂಥದ್ದೇ ಬೇಕು ಎನ್ನತೊಡಗಿದರು. ಈ ಸುದ್ದಿ ಹೇಳಲು ಗೀರಕ್ಕ ಆಸ್ಪತ್ರೆಗೆ ಓಡಿದಾಗ ಗಂಡನಿಗೆ ಮಾತು ನಿಂತಿತ್ತು. ಕೇಳಿಸಿತೋ ಇಲ್ಲವೋ, ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಮಗಳಿನ್ನೂ ಶಾಲೆಯಲ್ಲಿದ್ದಳು, ಅಳುತ್ತ ಕೂರುವ ಹಾಗಿರಲಿಲ್ಲ. ಗಂಡನ ಗ್ರೈಂಡರನ್ನೇ ಕೈಗೆತ್ತಿಕೊಂಡರು. ಅಲೆಗಳೇನೋ ಬೇಗ ಒಲಿದವು, ಜಾರಿದ ಗೀರು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. “ಬೇಕಂತಲೇ ಜಾರಿಸಿದ್ರೆ ನಾಟಕ ಆಡ್ದಂಗೆ ಕಾಣ್ತಿತ್ತು. ಒಂದಿನ ಅವರ ಥರಾನೇ ಕೆಮ್ಮಿ ನೋಡ್ದೆ. ಅದೇ ಗೀರು! ಅವತ್ತು ಗ್ರೈಂಡರ್ ಆಫ್ ಮಾಡಿ ತುಂಬಾ ಅತ್ತೆ.”

ಮುಂದಿನ ತಿಂಗಳು ಕಂಪ್ಯೂಟರ್ ಹೇಳಿದಂತೆ ಗೀರುವ ಯಂತ್ರ ಬರುತ್ತಿದೆ. ಗೀರಕ್ಕ ಮತ್ತೆ ಒರೆಸುವ ಕೆಲಸಕ್ಕೆ. ಮಾಲೀಕರು ಕೆಟ್ಟವರಲ್ಲ, ಜಾರಿದ ಗೀರನ್ನೂ ಯಂತ್ರ ಹಾಗೇ ಮಾಡುತ್ತದೆ ಎಂದು ಸಮಾಧಾನ ಹೇಳಿದ್ದಾರೆ.

“ಮಾಡುತ್ತೆ ಬಿಡಿ. ಆದ್ರೆ ಕೆಮ್ಮಲ್ಲವಲ್ಲ? ಆ ಕೆಮ್ಮು ಕೆಮ್ಮಿದಾಗ ಒಂದು ಗಳಿಗೆ ಅವರು ಪಕ್ಕದಲ್ಲೇ ಇದ್ದಂಗಿರ್ತಿತ್ತು. ಇನ್ಮೇಲೆ ಅದೂ ಇಲ್ಲ.”

ಗಂಡ ಗೀರಿದ ಆ ಮೊದಲ ತಗಡು ಈಗಲೂ ಶೋರೂಮಿನ ಗೋಡೆಯಲ್ಲಿದೆ. ಯಂತ್ರ ಅದನ್ನು ನಕಲು ಮಾಡಿಕೊಂಡ ಮೇಲೆ ಹೊಸ ಹೋಟೆಲಿನವರಿಗೆ ಕೊಡುವ ಮಾತು ನಡೆದಿದೆ. ಗೀರಕ್ಕನಿಗೆ ಬೇಕಿರುವುದು ಅದೊಂದೇ. ಕೇಳಿದಿರಾ ಎಂದರೆ ತಲೆ ತಗ್ಗಿಸುತ್ತಾರೆ. “ಬಾಯಿ ತನಕ ಬರುತ್ತೆ, ಅಲ್ಲೇ ನಿಂತುಬಿಡುತ್ತೆ.” ನಾನು ಬರೆಯುವ ಈ ಭಾನುವಾರದ ಪುರವಣಿಯನ್ನು ಮಾಲೀಕರು ತಪ್ಪದೆ ಓದುತ್ತಾರಂತೆ. ಸ್ವಾಮಿ, ಓದುತ್ತಿದ್ದೀರಿ ತಾನೇ?

ಗೀರಕ್ಕನ ಮನೆ ನೋಡಿದ್ದೇನೆ. ಒಂದೇ ಕೋಣೆ, ಮಂಚದಿಂದ ಕೈ ಚಾಚಿದರೆ ಒಲೆ. ನಡೆದರೆ ತಾನೇ ಚಿತ್ರ ಹರಿಯುವುದು, ತಗಡು ಸಿಕ್ಕರೂ ಅಲ್ಲಿ ನಡೆಯಲು ಜಾಗವೆಲ್ಲಿ ಎಂದು ಕೇಳುತ್ತೇನೆ.

“ನಾನ್ಯಾಕೆ ನಡೀಬೇಕು? ಮಂಚದ ಮೇಲೆ ಕೂತು ಟಾರ್ಚ್ ಹಿಡ್ಕೊಂಡು ನಿಧಾನಕ್ಕೆ ಆಡಿಸ್ತೀನಿ, ಬೆಳಕೇ ನಡೀಲಿ. ಆ ಕೆಮ್ಮಿನ ಹತ್ರ ಬಂದಾಗ ಸ್ವಲ್ಪ ಹೊತ್ತು ಕೈ ನಿಲ್ಲಿಸ್ತೀನಿ. ಅವರು ಸುಧಾರಿಸಿಕೊಳ್ಳಲಿ.”