ರಸ್ತೆಗಿಂತ ತಗ್ಗಿನಲ್ಲಿರುವ ಮನೆ

ಸಭೆಗಳ ಕೊನೆಯಲ್ಲಿ ವಂದನಾರ್ಪಣೆ ಎಂಬುದೊಂದು ಇರುತ್ತದಲ್ಲ, ಅದನ್ನು ಯಾರಾದರೂ ಪೂರ್ತಿ ಕೇಳಿದ್ದನ್ನು ನಾನು ಕಂಡಿಲ್ಲ. ಮೈಕ್ ಮುಂದೆ ನಿಂತವರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನವರು ಉಪ್ಪಿಟ್ಟಿನ ಕಡೆ ಹೊರಟಿರುತ್ತಾರೆ. ನಮ್ಮ ಬಡಾವಣೆಯ ಸಂಘದವರು ಆ ದಿನ ನನಗೆ ಕೊಟ್ಟಿದ್ದು ಅದೇ ಕೆಲಸ. ಕಾಲೇಜಿನಲ್ಲಿ ಪಾಠ ಮಾಡುವವಳು, ಎರಡು ಮಾತು ಹೇಳಿ ಮುಗಿಸುತ್ತಾಳೆ ಎಂದುಕೊಂಡಿದ್ದರು.

ಅಲ್ಲಾಳಸಂದ್ರ ಕೆರೆಗೆ ಹತ್ತಿರದ ನಮ್ಮ ಅಡ್ಡರಸ್ತೆಯನ್ನು ಹೊಸದಾಗಿ ಮಾಡುತ್ತಾರೆ, ಚರಂಡಿ, ಫುಟ್‌ಪಾತ್ ಎಲ್ಲ ಬದಲಾಗುತ್ತದೆ, ಅದಕ್ಕೆ ಮುಂಚೆ ಜನರ ಅಭಿಪ್ರಾಯ ಕೇಳುತ್ತಾರೆ ಎಂದು ಸಭೆ ಕರೆದಿದ್ದರು. ನಾನು ಹೇಳಬೇಕಾಗಿದ್ದುದು ಒಂದೇ ಮಾತು: ಹೊಸ ಡಾಂಬರು ಹಾಕುವ ಮುಂಚೆ ಹಳೆಯದನ್ನು ಅಗೆದು ತೆಗೆಯಿರಿ. ಈ ಮನೆ ಕೊಂಡಾಗ ನಾನು ರಸ್ತೆಯಿಂದ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆ. ಪ್ರತಿ ಸಲವೂ ಗುತ್ತಿಗೆದಾರರು ಹಳೆಯದರ ಮೇಲೆಯೇ ಹಾಸುತ್ತ ಬಂದರು. ಈಗ ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ರಸ್ತೆಯ ನೀರೆಲ್ಲ ನಡುಮನೆಗೆ. ಬಾಗಲಕೋಟೆ ಕಡೆಯಿಂದ ಬಂದು ನನ್ನ ಜೊತೆಗಿರುವ ಅವ್ವ ಕಳೆದ ಮಳೆಗಾಲದಲ್ಲಿ ಅದೇ ನೀರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

ಸಭೆಯಲ್ಲಿ ಮೊದಲು ನಡೆದದ್ದು ರಸ್ತೆ ಮಾಡಿಸಲಿರುವ ಪಾಲಿಕೆಯ ಎಂಜಿನಿಯರಿಗೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಇನ್ನೂ ಒಂದು ಕಲ್ಲನ್ನೂ ಎತ್ತಿಡದ ಮನುಷ್ಯನಿಗೆ ಯಾವ ಸಂಭ್ರಮಕ್ಕೆ ಸನ್ಮಾನ ಎಂದು ನನಗೆ ಮೈಯೆಲ್ಲ ಉರಿಯಿತು. ಪೇಟ ತೊಡಿಸಿದ ಮೇಲೆ ಅವರೊಂದಿಗೆ ಜಗಳ ಆಡುವುದಾದರೂ ಹೇಗೆ? ಆಮೇಲೆ ಎದ್ದವರೆಲ್ಲ ತಮ್ಮ ತಮ್ಮ ಮನೆ ಮುಂದೆ ಒಂದು ಹಂಪ್ ಕೇಳಿದರು, ಕಾರು ನಿಲ್ಲಿಸಲು ಜಾಗ ಕೇಳಿದರು. ನಾನು ಕುರ್ಚಿಯ ತುದಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದೆ. ಕೈ ಎತ್ತಿದರೆ ಸಂಘದ ಕಾರ್ಯದರ್ಶಿ ಬಗ್ಗಿ, "ನಿಮ್ದು ಕೊನೇಲಿದೆ ಕಣ್ರೀ ಮೇಡಂ, ಸ್ವಲ್ಪ ತಡ್ಕೊಳ್ಳಿ," ಎಂದರು. ಎಂಜಿನಿಯರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಅಂತೂ ಮೈಕ್ ನನ್ನ ಕೈಗೆ ಬಂತು. ವಂದನಾರ್ಪಣೆ ಮುಗಿಯದೆ ಅತಿಥಿ ಎದ್ದು ಹೋಗುವ ಹಾಗಿಲ್ಲ ಎಂಬುದು ಆಗ ಹೊಳೆಯಿತು. ನಾನು ಮುಗಿಸಿದರೆ ತಾನೆ! ಶಾಮಿಯಾನದವರಿಗೆ ವಂದನೆ, ಉಪ್ಪಿಟ್ಟು ಮಾಡಿದವರಿಗೆ ವಂದನೆ, ನಮ್ಮ ಕಿಟಕಿಯವರೆಗೆ ರಸ್ತೆ ಏರಿಸಿದ ಮಹನೀಯರಿಗೆ ವಂದನೆ. ಅವ್ವ ಬಿದ್ದದ್ದು ಹೇಳಿದೆ, ಡಾಕ್ಟರ ಮಾತು ಹೇಳಿದೆ. ತಟ್ಟೆ ಹಿಡಿದು ಹೊರಟವರು ನಿಂತರು. ಎಂಜಿನಿಯರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಆಯ್ತು ಮೇಡಂ, ನಾಳೆ ಬೆಳಗ್ಗೆ ನಾನೇ ಬಂದು ನೋಡ್ತೀನಿ. ಪ್ಲಾನಲ್ಲಿ ಸೇರಿಸ್ಬೇಕು ಅಂದ್ರೆ ನಾಳೇನೇ ಕೊನೆ," ಎಂದರು. ಆಗ ಮಾತು ಮುಗಿಸಿದೆ.

ಬೆಳಗ್ಗೆ ಹಾಲು ತರಲು ಹೋಗಿ ಬರುವಷ್ಟರಲ್ಲಿ ಅವ್ವ ಕೆಲಸದವಳ ಕೈಲಿ ಗೋಡೆಯ ಮೇಲೆ ಮಳೆನೀರು ಬಿಟ್ಟುಹೋಗಿದ್ದ ಕೆಸರಿನ ಗೆರೆಯನ್ನೆಲ್ಲ ಉಜ್ಜಿಸಿ ಹಾಕಿದ್ದಳು. ಬಾಗಿಲಿಗೆ ರಂಗೋಲಿ. ತಾನು ಇಳಕಲ್ಲ ಸೀರೆ ಉಟ್ಟು ಮಂಚದ ಅಂಚಿಗೆ ಕೂತಿದ್ದಳು. ಸಾಹೇಬರು ಬರುವ ಮನೆ ಹೊಲಸಾಗಿರಬಾರದಂತೆ. ತೋರಿಸಲು ನನಗೆ ಉಳಿದಿದ್ದುದು ಅವಳ ಬಾಯಿಮಾತು ಒಂದೇ.

ಎಂಜಿನಿಯರು ಬಂದು ಅವಳೆದುರು ಕುರ್ಚಿಯಲ್ಲಿ ಕೂತು, "ಅಮ್ಮಾ, ನೀರು ಎಷ್ಟು ಬರುತ್ತೆ?" ಎಂದು ಕೇಳಿದರು.

"ಏನಿಲ್ರೀ ಸಾಹೇಬ್ರ, ತುಸು ಹನಿ ಬಿದ್ದಂಗ ಆಗ್ತೈತಿ, ಒರಿಸಿದ್ರ ಹೋತು. ನನ್ನ ಮಗಳು ನನ್ನ ಹೂವಿನಂಗ ನೋಡ್ಕೊಂಡಾಳ್ರೀ. ನೀವು ಚಾ ಕುಡೀರಿ."

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಮಗಳ ಮನೆಯಲ್ಲಿರುವ ತಾಯಿ ತನಗೆ ತ್ರಾಸ ಎಂದರೆ ಮಗಳಿಗೆ ಕೆಟ್ಟ ಹೆಸರು ಎಂದು ಅವಳು ಸುಳ್ಳು ಹೇಳುತ್ತಿದ್ದಳು. ನಾನು ಓಡಾಡಿದ್ದೆಲ್ಲ ಅವಳಿಗಾಗಿ, ಅವಳು ಮುಚ್ಚಿಟ್ಟಿದ್ದೆಲ್ಲ ನನಗಾಗಿ. ಎಂಜಿನಿಯರು ಚಹಾ ಗುಟುಕರಿಸುತ್ತ, "ಅಮ್ಮನೇ ತೊಂದ್ರೆ ಇಲ್ಲ ಅಂತಿದಾರಲ್ಲ ಮೇಡಂ," ಎಂದರು.

ನಾನು ಬಚ್ಚಲಿನಿಂದ ತುಂಬಿದ ಬಕೆಟ್ ಎತ್ತಿಕೊಂಡು ಮೆಟ್ಟಿಲು ಹತ್ತಿ, ರಸ್ತೆಯ ನಡುವೆ ನಿಂತು ಸುರಿದೆ. ಮತ್ತೆ ಹೋಗಿ ಇನ್ನೊಂದು ತಂದು ಸುರಿದೆ. ನೀರು ರಂಗೋಲಿಯನ್ನು ಅಳಿಸಿಕೊಂಡು, ಹೊಸಿಲು ದಾಟಿ ಒಳಗೆ ಹೋಯಿತು. ಬಕೆಟ್ ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ. ಅವ್ವ ತಮ್ಮೂರಿನ ರಸ್ತೆಯ ಸುದ್ದಿ ಹೇಳುತ್ತಿದ್ದಳು. ನೀರು ಬರುವುದು ಕಂಡದ್ದೇ, ಮಾತು ನಿಲ್ಲಿಸದೆ, ಎರಡೂ ಕೈಯಿಂದ ಒಂದೊಂದೇ ಕಾಲನ್ನು ಹಿಡಿದೆತ್ತಿ ಮಂಚದ ಮೇಲಿಟ್ಟುಕೊಂಡಳು, ಚಪ್ಪಲಿಯನ್ನೂ ಎತ್ತಿಕೊಂಡಳು.

ಆಮೇಲೆ ಅತಿಥಿಯ ಕಡೆ ತಿರುಗಿ, "ಸಾಹೇಬ್ರ, ನೀವೂ ಕಾಲು ಮ್ಯಾಲ ತಗೋರಿ, ಬೂಟು ತೊಯ್ತಾವ," ಎಂದಳು.